ಕೊನೆಯ ಒಬ್ಬಟ್ಟಿನ ಲೆಕ್ಕ

ತಟ್ಟೆಯಲ್ಲಿ ಉಳಿದ ಕೊನೆಯ ಒಬ್ಬಟ್ಟನ್ನು ಇಡಿಯಾಗಿ ತೆಗೆದುಕೊಳ್ಳುವ ಹೆಂಗಸು ಟಿ. ನರಸೀಪುರದ ನಮ್ಮ ತವರುಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಈ ಸಲದ ಯುಗಾದಿಗೂ ಗಂಡಸರೆಲ್ಲ ಉಂಡೆದ್ದ ಮೇಲೆ ನಾವು ಎಲೆ ಮುಂದೆ ಕೂತೆವು. ಕೊನೆಗೆ ಒಂದೇ ಒಬ್ಬಟ್ಟು ಉಳಿಯಿತು. "ನಂಗರ್ಧ ಸಾಕು" ಎಂದು ಚಿಕ್ಕವ್ವ ಮುರಿದುಕೊಂಡಳು. ಉಳಿದದ್ದರಲ್ಲಿ ಅರ್ಧ ಸೋದರತ್ತೆಗೆ, ಮತ್ತೆ ಉಳಿದದ್ದರಲ್ಲಿ ಅರ್ಧ ಅವ್ವನಿಗೆ. ಆದರೂ ತಟ್ಟೆಯಲ್ಲಿ ಒಂದು ಚೂರು ಇದ್ದೇ ಇತ್ತು.

ನಂಜನಗೂಡಿನ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು ನಾನು, ಸುಮ್ಮನಿರಲಾಗಲಿಲ್ಲ. "ಹಿಂಗೇ ಕೊನೆಯಿಲ್ಲದಂಗೆ ಅರ್ಧರ್ಧ ಮುರೀತಾ ಹೋದ್ರೂ, ಎಲ್ಲಾ ಕೂಡಿದ್ರೆ ಒಂದೇ ಒಬ್ಬಟ್ಟು" ಎಂದೆ.

ಜಗುಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ದೊಡ್ಡಪ್ಪ ನಕ್ಕರು. "ನೋಡವ್ವ, ತಗ್ಗಿ ಬಗ್ಗಿ ನಡುದ್ರೆ ಎಲ್ಲಾ ಲೆಕ್ಕಕ್ಕೆ ಬತ್ತದೆ. ನೀನೂ ಕಲ್ತ್ಕೊ."

ಮೈ ಉರಿಯಿತು. "ನಿಜ ದೊಡ್ಡಪ್ಪ. ಅನಂತ ಗುಣೋತ್ತರ ಶ್ರೇಢಿ ಅಂತೀವಿ ಇದಕ್ಕೆ. ಪಾಲು ಅದೇ ಪ್ರಮಾಣದಲ್ಲಿ ತಗ್ಗ್ತಾ ಹೋದ್ರೆ ಮಾತ್ರ ಮೊತ್ತ. ತಗ್ಗದಿದ್ರೆ ಮೊತ್ತ ಇಲ್ಲ. ಇಲ್ಲ ಅಂದ್ರೆ ತಪ್ಪು ಅಂತಲ್ಲ, ಯಾರು ಎಳೆದ ಗೆರೆಯೊಳಗೂ ನಿಲ್ಲಲ್ಲ ಅಂತ."

ದೊಡ್ಡಪ್ಪನ ರಾತ್ರಿಯೂಟಕ್ಕೆಂದು ಎತ್ತಿಟ್ಟಿದ್ದ ಡಬ್ಬಿ ತೆರೆದು, ಇಡೀ ಒಬ್ಬಟ್ಟೊಂದನ್ನು ಅವ್ವನ ಎಲೆಗೆ ಹಾಕಿ ತುಪ್ಪ ಸುರಿದೆ. ಅವ್ವನ ಬೆರಳು ರೂಢಿಯಂತೆ ಮುರಿಯಲು ಹೋಯಿತು.

"ಮುರೀಬೇಡ ಕಣವ್ವ" ಎಂದೆ. "ಇದು ಮೊದಲನೇ ಪಾಲು. ಮುಂದಿನದೂ ಇಷ್ಟೇ, ಅದರ ಮುಂದಿನದೂ ಇಷ್ಟೇ. ಮೊತ್ತ ಬರದಿದ್ರೆ ಬರದೇ ಹೋಗ್ಲಿ!"