‘ಟು’ ಬಾರದ ವಾಕ್ಯ

“ಎಲ್ಲಾ ಕಡೆ ‘ಟು’ ಹಾಕಬ್ಯಾಡ ಹುಚ್ಚಿ. ‘ಹೋಗಲಿಕ್ಕೆ’ ಅಂದ್ರ ‘ಟು ಗೋ’, ಖರೆ. ಆದ್ರ ‘ಹೋಗಲಿಕ್ಕೆ ಹಚ್ಚಿದರು’, ಅಂದ್ರ ಹೋಗೂ ಹಾಂಗ ಮಾಡಿದರು ಅನ್ನಲಿಕ್ಕೆ ‘ಮೇಡ್’ ಬಂತಂದ್ರ ಆ ‘ಟು’ ಬಿದ್ದುಹೋಗತೈತಿ.”

ದೊಡವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಮಗಳು ತಂಗಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

“ಒಂದು ಉದಾಹರಣಿ ಕೊಡ್ರಿ ಅಕ್ಕೋರ,” ಎಂದು ಕಿರಿಯಳು ಅಣಕಿಸಿದಳು.

“ಮದರ್ ಮೇಡ್ ಮಿ ಲೀವ್ ಸ್ಕೂಲ್.”

ಕಿರಿಯಳ ನಗು ನಿಂತಿತು. ‘ಮದರ್’ ಅಷ್ಟೇ ನನಗೆ ತಿಳಿದದ್ದು. “ನನ್ನ ಸುದ್ದಿ ಏನವಾ ಅದು?” ಎಂದೆ.

“ಅವ್ವ ನನಗ ಸಾಲಿ ಬಿಡಲಿಕ್ಕೆ ಹಚ್ಚಿದಳು, ಅಂತ. ಬರೇ ಉದಾಹರಣಿ, ಬಿಡಬೇ,” ಎಂದಳು ಹಿರಿಯಳು, ಪುಸ್ತಕದಿಂದ ಕಣ್ಣೆತ್ತದೆ.

ಹಿಂದಿನ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಅತ್ತೆ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಇನ್ನೊಂದು ಕೈ ಬೇಕೆಂದು, ಹತ್ತನೆಯ ತರಗತಿಯಲ್ಲಿದ್ದ ಹಿರಿಯಳನ್ನು ಶಾಲೆ ಬಿಡಿಸಿದವಳು ನಾನೇ. ಆಗ ಅವಳು ಒಂದು ಮಾತೂ ಆಡಿರಲಿಲ್ಲ.

ಅತ್ತೆ ಹೆಚ್ಚು ನರಳದೆ ತೀರಿಕೊಂಡರು, ಬಸವಣ್ಣನ ದಯೆ. ಮುಂದೆ ಕಿರಿಯಳು ಹತ್ತನೆಯದು ಪಾಸಾದಳು, ಅದೂ ಅವನ ದಯೆಯೇ. ಹಿರಿಯಳು ಮಾತ್ರ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಪೂಜೆಗೆ ಕುಳಿತಾಗ ಅವಳ ಸಲುವಾಗಿ ಏನು ಬೇಡಬೇಕೋ ನನಗೆ ಇನ್ನೂ ತಿಳಿದಿಲ್ಲ.