ಬಾಯಿಬಿಟ್ಟು ಹೇಳುವ ನಿಯಮ

ಅಕ್ಕನ ನಾದಿನಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಕೆ ಒಳ್ಳೆಯವಳು, ಓದುತ್ತಾ ಹೋದರೆ ನಿಮಗೂ ಹಾಗೇ ಅನ್ನಿಸುತ್ತದೆ. ಆಕೆಯ ಮೇಲೆ ನನಗಿರುವ ದೂರೆಲ್ಲ ಒಂದು ಯುದ್ಧದಾಟದ ಪೆಟ್ಟಿಗೆಯೊಳಗೆ ಹಿಡಿಸುತ್ತದೆ.

ಆ ಆಟವನ್ನು ನಾವು ಚಿಕ್ಕವರಿದ್ದಾಗ ಅಪ್ಪ ಶಿವಮೊಗ್ಗದಿಂದ ತಂದಿದ್ದರು. ರಟ್ಟಿನ ಮೇಲೆ ಜಗತ್ತಿನ ನಕ್ಷೆ, ಬಣ್ಣಬಣ್ಣದ ಪ್ಲಾಸ್ಟಿಕ್ ಸೈನಿಕರು, ಕೆಲವು ದಾಳ. ನಮ್ಮ ದೇಶದಿಂದ ಪಕ್ಕದವರ ದೇಶಕ್ಕೆ ಸೈನಿಕರನ್ನು ನುಗ್ಗಿಸಬೇಕು. ಗೆದ್ದೆವೋ ಸೋತೆವೋ ದಾಳ ಹೇಳುತ್ತದೆ. ನಿಯಮದ ಪುಸ್ತಕವನ್ನು ಗೆದ್ದಲು ತಿಂದ ಮೇಲೆ ಅಕ್ಕ ನೆನಪಿದ್ದಷ್ಟನ್ನು ಮುಚ್ಚಳದ ಒಳಬದಿಗೆ ನೀಲಿ ಪೆನ್ನಿನಲ್ಲಿ ಬರೆದಳು. ಕೊನೆಯದೊಂದು ಅವಳೇ ಸೇರಿಸಿದ್ದು: ದಾಳ ಎಸೆಯುವ ಮೊದಲು ಎಲ್ಲಿಂದ, ಎಲ್ಲಿಗೆ, ಎಷ್ಟು ಜನ ಎಂದು ಬಾಯಿಬಿಟ್ಟು ಹೇಳಬೇಕು. ಬಸ್ಸಿನಲ್ಲಿ ಟಿಕೆಟ್ ಕೇಳಿದ ಹಾಗೆ.

ಅಕ್ಕ ಮದುವೆಯಾಗಿ ತೀರ್ಥಹಳ್ಳಿಗೆ ಹೋದಳು, ಪೆಟ್ಟಿಗೆಯೂ ಅವಳ ಜೊತೆ ಹೋಯಿತು. ನಾನು ಸಾಗರದಲ್ಲಿ ಉಳಿದೆ. ತಿಂಗಳಿಗೊಂದು ಭಾನುವಾರ ಹೊಸನಗರದಲ್ಲಿ ಬಸ್ಸು ಬದಲಿಸಿ ಹೋಗುವುದು, ಊಟ ಮುಗಿಸಿ ಇಬ್ಬರೂ ನಕ್ಷೆಯ ಮುಂದೆ ಕೂರುವುದು ನಮ್ಮ ಪದ್ಧತಿ. ನಮ್ಮ ಮಕ್ಕಳಿಗೆ ಮಕ್ಕಳಾದವು, ಆ ಭಾನುವಾರ ಮಾತ್ರ ತಪ್ಪಲಿಲ್ಲ. ನಾನು ಬರೀ ಅಕ್ಕನ ತಂಗಿಯಾಗಿ ಇರುತ್ತಿದ್ದದ್ದು ಆ ಎರಡು ಗಂಟೆ ಮಾತ್ರ.

ಕಳೆದ ವರ್ಷ ಭಾವನ ತಂಗಿಗೆ ಅಲ್ಲೇ ಹತ್ತಿರದ ಅರಳಸುರಳಿಯ ಕಡೆಯ ಶಾಲೆಗೆ ವರ್ಗವಾಗಿ, ಆಕೆ ಅಣ್ಣನ ಮನೆಯಲ್ಲೇ ಬಂದು ಉಳಿದಳು. ನಾನು ಹೋದಾಗ ನಕ್ಷೆಯ ಸುತ್ತ ಮೂರು ಮಣೆ ಇದ್ದವು. "ಇವಳಿಗೂ ಕಲಿಸಿದೀನಿ. ಮೂವರಾದ್ರೆ ಆಟ ಚಂದ" ಎಂದಳು ಅಕ್ಕ. ಇಷ್ಟು ವರ್ಷ ಇಬ್ಬರ ಆಟಕ್ಕೆ ಏನು ಕಮ್ಮಿಯಾಗಿತ್ತು ಎಂದು ನಾನು ಕೇಳಲಿಲ್ಲ. ನಗುತ್ತಾ ಕೂತೆ.

ಊಟವಾದ ಮೇಲೆ ಅಕ್ಕನಿಗೆ ಎಲೆಅಡಿಕೆ ಬೇಕೇ ಬೇಕು. ಅವತ್ತೂ ಕೆನ್ನೆ ಉಬ್ಬುವಷ್ಟು ದೊಡ್ಡ ಕವಳ ಬಾಯಲ್ಲಿತ್ತು. ತನ್ನ ಸರದಿ ಬಂದಾಗ ಅವಳು ಮಾತಾಡಲಿಲ್ಲ. ಬ್ರೆಜಿಲ್ ಮೇಲೆ ಬೆರಳಿಟ್ಟು ಉತ್ತರ ಆಫ್ರಿಕಾದ ಕಡೆ ಎಳೆದಳು. ಅಲ್ಲಿದ್ದದ್ದು ನನ್ನ ಸೈನಿಕರು. ಆ ಬೆರಳು ಸಮುದ್ರ ದಾಟುವ ಮೊದಲೇ ನಾದಿನಿ ಮೂರು ದಾಳ ತೆಗೆದು ಅಕ್ಕನ ಅಂಗೈಗೆ ಹಾಕಿದಳು. ಎರಡು ಆರು, ಒಂದು ಐದು ಬಿತ್ತು. ನನ್ನ ಕಡೆ ಎರಡು ತಲೆ ಉರುಳಿದವು.

"ಇದು ನಡಿಯಲ್ಲ. ಬಾಯಲ್ಲಿ ಹೇಳ್ಲಿಲ್ಲ" ಎಂದೆ.

"ತೋರ್ಸಿದ್ರಲ್ಲ ಅಕ್ಕಾ. ನಂಗೆ ಗೊತ್ತಾಯ್ತು" ಎಂದಳು ನಾದಿನಿ. ಅವಳು ನನ್ನನ್ನು ಅಕ್ಕಾ ಎಂದೇ ಕರೆಯುತ್ತಾಳೆ.

"ನಿಮಗೆ ಗೊತ್ತಾದ್ರೆ ಆಯ್ತಾ? ಹೊಡ್ತ ತಿಂದಿದ್ದು ನಾನು."

ಬೆರಳು ಹೇಳಿದ್ದು ನನಗೂ ಗೊತ್ತಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ನಿಯಮ ತೋರಿಸೋಣವೆಂದು ಮುಚ್ಚಳ ಮಗುಚಿದೆ. ಅಕ್ಕನ ಮಾಸಿದ ನೀಲಿ ಅಕ್ಷರಗಳ ಕೆಳಗೆ, ಟೀಚರಮ್ಮನ ದುಂಡು ಅಕ್ಷರದಲ್ಲಿ, ಕಪ್ಪು ಮಸಿಯಲ್ಲಿ ಹೊಸ ಸಾಲೊಂದಿತ್ತು: 'ಬಾಯಲ್ಲಿ ಕವಳ ಇದ್ದರೆ ಬೆರಳು ತೋರಿಸಿದರೆ ಸಾಕು.'

ನನಗೆ ಹೊಟ್ಟೆ ಉರಿದುಹೋಯಿತು. ಆ ಮುಚ್ಚಳದ ಮೇಲೆ ಇಷ್ಟು ವರ್ಷದಲ್ಲಿ ನಾನೇ ಒಂದಕ್ಷರ ಬರೆದಿರಲಿಲ್ಲ.

"ಪಾಪ, ಅತ್ತಿಗೆ ಪ್ರತಿಸಲ ಎದ್ದು ಹೋಗಿ ಉಗ್ದು ಬರಬೇಕಿತ್ತು. ಅದಕ್ಕೆ ಬರ್ದೆ" ಎಂದಳು ನಾದಿನಿ.

ಅಕ್ಕ ಎದ್ದಳು. ಹಿತ್ತಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತಳು. "ಬ್ರೆಜಿಲ್ಲಿಂದ ಉತ್ತರ ಆಫ್ರಿಕಾಕ್ಕೆ, ಮೂರು ಜನ. ಸಾಕಾ?" ಎಂದು ದಾಳ ಎಸೆದಳು. ಒಂದು, ಒಂದು, ಎರಡು. ನಾನು ಗೆದ್ದೆ. ಗೆದ್ದವಳು ಸುಮ್ಮನಿರಬಾರದೇ? "ರೂಲ್ ಅಂದ್ರೆ ಎಲ್ಲರಿಗೂ ರೂಲೇ" ಎಂದೆ.

ಅಕ್ಕ ಸೋತ ಸೈನಿಕರನ್ನು ಎತ್ತಿಡುತ್ತಾ ಹೇಳಿದಳು, "ಎಲ್ಲರಿಗೂ ಅಲ್ಲ ಮಾರಾಯ್ತಿ. ಆ ರೂಲ್ ನಾನು ಮಾಡಿದ್ದೇ ನಿನ್ನ ಸಲುವಾಗಿ. ದಾಳ ಬಿದ್ದ ಮೇಲೆ, ನಾನು ಹೊಡ್ದಿದ್ದು ಅಲ್ಲಿಗಲ್ಲ ಇಲ್ಲಿಗೆ ಅಂತಿದ್ದೆ ನೀನು. ಇವಳು ಹಂಗೆ ಮಾಡಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಇಷ್ಟು ವರ್ಷ ಆ ನಿಯಮವನ್ನು ನಮ್ಮಿಬ್ಬರ ಗುಟ್ಟು ಎಂದುಕೊಂಡಿದ್ದವಳು ನಾನು. ಅದು ನನ್ನ ಕಳ್ಳಾಟಕ್ಕೆ ಹಾಕಿದ್ದ ಬೇಲಿಯಾಗಿತ್ತು.

ಹೊರಡುವಾಗ, "ಪೆಟ್ಟಿಗೆ ನಾನು ತಗೊಂಡು ಹೋಗ್ತೀನಿ, ಅಪ್ಪ ತಂದಿದ್ದು" ಎಂದೆ. ಬೇಡ ಅನ್ನಲಿ ಎಂದು ಕಾದೆ. "ತಗೊಂಡು ಹೋಗು" ಎಂದಳು ಅಕ್ಕ. ನಾದಿನಿ ಸೈನಿಕರನ್ನು ಬಣ್ಣದ ಪ್ರಕಾರ ಬೇರೆ ಬೇರೆ ಕವರಿಗೆ ಹಾಕಿ, ಪೆಟ್ಟಿಗೆಗೆ ಅಚ್ಚುಕಟ್ಟಾಗಿ ದಾರ ಸುತ್ತಿ ಕೊಟ್ಟಳು. ಅದಕ್ಕೂ ನನಗೆ ಸಿಟ್ಟು ಬಂತು. ಮನೆ ತಲುಪುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಾಗರದಲ್ಲಿ ಅದನ್ನು ಬೀರುವಿನ ಮೇಲಿಟ್ಟೆ. ನಮ್ಮ ಮನೆಯವರನ್ನು ಆಡೋಣ ಬನ್ನಿ ಎಂದು ಕರೆದರೆ ಟಿವಿಯ ಕಡೆ ತಿರುಗಿದರು. ಮುಂದಿನ ತಿಂಗಳು ಬೇಕೆಂದೇ ತೀರ್ಥಹಳ್ಳಿಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಅಕ್ಕ ತಾನಾಗಿ ಕೇಳಲಿ ಎಂದಿತ್ತು. ಅವಳು ಕೇಳಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಊಟ ಆಯ್ತಾ?" ಎಂದರೆ ಅಕ್ಕ "ಹೂಂ" ಎಂದಳು. ಬಾಯಿ ತುಂಬಿತ್ತು. ಫೋನು ನಾದಿನಿಯ ಕೈಗೆ ಹೋಯಿತು.

"ಹಳೇ ಕ್ಯಾಲೆಂಡರ್ ಹಿಂದೆ ನಕ್ಷೆ ಬರ್ಕೊಂಡಿದೀವಿ ಅಕ್ಕಾ. ಹುಣಸೆಬೀಜನೇ ಸೈನಿಕರು, ದಾಳ ಮಾತ್ರ ಅಂಗಡಿಯಿಂದ ತಂದ್ವಿ. ನೀವೂ ಬನ್ನಿ."

"ನೋಡ್ತೀನಿ" ಎಂದೆ. ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ, ಮರೆತಿರಬೇಕು. ಸ್ವಲ್ಪ ಹೊತ್ತು ಆ ಕಡೆ ಯಾರೂ ಮಾತಾಡಲಿಲ್ಲ. ಎಲ್ಲಿಂದ ಎಂದು ಹೇಳಲಿಲ್ಲ, ಎಲ್ಲಿಗೆ ಎಂದೂ ಹೇಳಲಿಲ್ಲ. ನೆಲದ ಮೇಲೆ ದಾಳ ಉರುಳಿದ ಸದ್ದು ಕೇಳಿತು, ಆಮೇಲೆ ಇಬ್ಬರೂ ನಕ್ಕರು.