ಹಳೇ ಸೀರೆಯ ಕುಲಾಯಿ

ಮಾನ್ವಿಯ ನಮ್ಮ ಶಾಲೆಯಲ್ಲಿ ದಸರಾ ರಜೆಗೆ ಮೊದಲು ಮಕ್ಕಳು ಬಂಗಾರದ ಬಣ್ಣದ ಕಾಗದದಲ್ಲಿ ಬನ್ನಿ ಎಲೆ ಕತ್ತರಿಸುತ್ತಿದ್ದರು. ನಾನು ತುಂಬು ಬಸುರಿ. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ಈ ಸಲ ಸೀಮಂತದ ಕುಬಸ, ಉಡುಗೊರೆ ಏನೂ ಬೇಡವೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಒಬ್ಬ ಹುಡುಗಿ ಎದ್ದು ಬಂದು, ಕೂಸಿನ ತಲೆಗೆ ಹಾಕಲೆಂದು ತಾನೇ ಕೈಯಲ್ಲಿ ಹೊಲಿದ ಪುಟ್ಟ ಕುಲಾಯಿಯನ್ನು ಚಾಚಿದಳು. ಮುಟ್ಟಲು ಅಂಜಿದೆ.

"ಕೂಸು ಹುಟ್ಟೋ ಮೊದ್ಲು ಹೊಸಾ ಅರಿಬಿ ತರಬಾರ್ದವಾ" ಎಂದೆ.

"ಹೊಸಾದಲ್ರಿ ಟೀಚರ್, ನಮ್ಮಜ್ಜಿ ಸೀರಿದು. ಹಳೇ ಅರಿಬಿ ಹಾಕಿದ್ರ ಕೂಸಿಗೆ ಕೆಟ್ಟ ಕಣ್ಣಿನ ನೆದರ ಆಗಂಗಿಲ್ಲಂತ."

ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಅತ್ತುಬಿಟ್ಟೆ. ಹುಡುಗಿ ಗಾಬರಿಯಾಗಿ, "ಬ್ಯಾಡಾದ್ರ ಬಿಡ್ರಿ" ಎಂದಳು.

"ಬೇಕವಾ, ಕೊಡು" ಎಂದು ಇಸಿದುಕೊಂಡೆ.

ಸಂಜೆ ಮನೆಗೆ ಹೋದವಳೇ ಅತ್ತೆಗೆ, "ಕುಬಸ ಮಾಡೋಣ್ರಿ" ಎಂದೆ. ಮುಂದೆ ರಾಯಚೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಕುಲಾಯಿ ದೊಡ್ಡದಾಗಿ ಅವಳ ಮೂಗಿನ ತನಕ ಜಾರಿತು. ನಾನೂ ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.